ಸೊನ್ನೆಯ ಪಾಲು

ಕುರ್ಚಿಯನ್ನು ಯಾವ ದಿಕ್ಕಿಗೆ ಮುಖ ಮಾಡಿ ಇಡಬೇಕು ಎಂಬ ಮಹತ್ವದ ಪ್ರಶ್ನೆ ಆ ಸೋಮವಾರ ಬೆಳಿಗ್ಗೆ ಒಂಬತ್ತು ಗಂಟೆ ಹತ್ತು ನಿಮಿಷಕ್ಕೆ ಎದ್ದಿತು, ಮತ್ತು ಅದು ಇತ್ಯರ್ಥವಾಗುವವರೆಗೆ ಆ ಕೋಣೆಯಲ್ಲಿ ಬೇರಾವ ಕೆಲಸವೂ ನಡೆಯುವಂತಿರಲಿಲ್ಲ. ಕಿಟಕಿಯ ಕಡೆಗಿಟ್ಟರೆ ಕೂತವರ ಬಾಯೊಳಗೆ ಬೆಳಕು ಚೆನ್ನಾಗಿ ಬೀಳುತ್ತದೆ, ಆದರೆ ಅವರ ಕಣ್ಣು ನೆಟ್ಟಗೆ ಮೂಲೆಯ ಕಂಪ್ಯೂಟರಿನ ಪರದೆಯ ಮೇಲೆ ಬೀಳುತ್ತದೆ. ಗೋಡೆಯ ಕಡೆಗಿಟ್ಟರೆ ಪರದೆ ಬೆನ್ನಿಗೆ ಹೋಗುತ್ತದೆ, ಆದರೆ ಬಾಯೊಳಗೆ ಕತ್ತಲೆ. ಕತ್ತಲೆಯಲ್ಲಿ ಹಲ್ಲಿನ ಸೆಟ್ಟು ಕೂಡಿಸಿ ನೋಡಿದನಂತೆ ಎಂದು ನಾಲ್ಕು ಜನ ಆಡಿಕೊಂಡರೆ ಮೂವತ್ತೊಂದು ವರ್ಷದ ಮರ್ಯಾದೆ ಮಣ್ಣುಪಾಲು. ಅವನು ಕುರ್ಚಿಯನ್ನು ಎರಡು ಸಲ ತಿರುಗಿಸಿದ. ಮೂರನೆಯ ಸಲ ಓರೆಯಾಗಿಟ್ಟ. ಓರೆಯಾಗಿಟ್ಟ ಕುರ್ಚಿ ಇಟ್ಟವನ ಬಗ್ಗೆ ಏನೇನೋ ಹೇಳುತ್ತಿರುವಂತೆ ಕಂಡಿತು. ಪರದೆಯನ್ನೇ ಆರಿಸಿಬಿಡಬಹುದಿತ್ತು, ಅದೂ ಹೊಳೆಯದೆ ಇರಲಿಲ್ಲ. ಆದರೆ ಹನ್ನೊಂದು ಗಂಟೆಗೆ ಬರಲಿದ್ದವಳು ಅವನ ಅಕ್ಕ, ಮತ್ತು ಅವಳು ಫೋನಿನಲ್ಲಿ ಸ್ಪಷ್ಟವಾಗಿ ಹೇಳಿದ್ದಳು: "ಹಲ್ಲು ಒಂದು ನೆಪ ಕಣೋ. ಎರಡು ಮಹಡಿ ಹತ್ತಿ ಬರ್ತಿರೋದು ನಿನ್ನ ಮೆಷಿನ್ ನೋಡೋಕೆ." ನಾಲ್ಕು ತಿಂಗಳಿಂದ ಆ ಮೆಷಿನ್ನು ಅವಳಿಗೆ ಸುಳ್ಳು ಹೇಳಿತ್ತು. ಅಥವಾ ಅವನು ಹೇಳಿದ್ದ. ಇವೆರಡರಲ್ಲಿ ಯಾವುದು ಎಂದು ಶುಕ್ರವಾರದಿಂದ ಅವನಿಗೆ ತೀರ್ಮಾನಕ್ಕೆ ಬರಲಾಗಿರಲಿಲ್ಲ, ಕುರ್ಚಿಯ ಹಾಗೆಯೇ.

ಕೆಳಗಿನ ಮಹಡಿಯಲ್ಲಿ ದಂತವೈದ್ಯರ ಕ್ಲಿನಿಕ್ಕು, ಹೊಳೆಯುವ ನಾಮಫಲಕ, ಮೀನಿನ ತೊಟ್ಟಿ. ಮೇಲೆ ಇವನ ಪ್ಲಾಸ್ಟರಿನ ಧೂಳು. ಡಾಕ್ಟರು ಬಾಯಿಯ ಅಚ್ಚು ತೆಗೆದು ಮೇಲಕ್ಕೆ ಕಳಿಸಿದರೆ ಇವನು ಅದಕ್ಕೆ ಪ್ಲಾಸ್ಟರು ಸುರಿದು ದವಡೆ ಮಾಡಿ, ಗುಲಾಬಿ ಮೇಣದಲ್ಲಿ ಒಸಡು ಕಟ್ಟಿ, ಮೇಣದಲ್ಲಿ ಒಂದೊಂದೇ ಹಲ್ಲು ನೆಟ್ಟು, ಬಾಯಿಗೆ ಒಪ್ಪಿತೆಂದಾದ ಮೇಲೆ ಮೇಣ ಕರಗಿಸಿ ಆ ಜಾಗಕ್ಕೆ ಗಟ್ಟಿ ಅಕ್ರಿಲಿಕ್ ತುಂಬುತ್ತಿದ್ದ. ಊರಿನ ಅರ್ಧ ಹಿರಿಯರು ಇವನು ಜೋಡಿಸಿದ ಹಲ್ಲಿನಲ್ಲಿ ನಗುತ್ತಿದ್ದರು, ಜಗಳವಾಡುತ್ತಿದ್ದರು, ಮತ್ತು ಡಾಕ್ಟರನ್ನು ಹೊಗಳುತ್ತಿದ್ದರು. ತಪ್ಪೇನಿಲ್ಲ, ಹಲ್ಲಿಗೆ ಯಾರೂ ಸಹಿ ಹಾಕುವುದಿಲ್ಲ. ಆದರೂ ಮೂರು ವರ್ಷದ ಹಿಂದೆ ಕ್ಲಿನಿಕ್ಕಿಗೆ ಮೂವತ್ತು ತುಂಬಿದಾಗ ಡಾಕ್ಟರು ಇವನ ಹೆಗಲ ಮೇಲೆ ಕೈಯಿಟ್ಟು ಅತಿಥಿಗಳಿಗೆ "ಇವರು ನಮ್ಮ ಪ್ಲಾಸ್ಟರಿನವರು" ಎಂದು ಪರಿಚಯಿಸಿದ್ದರು, ಒಬ್ಬ ಅತಿಥಿ ತಕ್ಷಣ ತಮ್ಮ ಮನೆಯ ಗೋಡೆಯ ಬಿರುಕಿನ ಬಗ್ಗೆ ವಿಚಾರಿಸಿದ್ದರು, ಮತ್ತು ಇವನು, ಇದು ನೆನಪಾದಾಗಲೆಲ್ಲ ಈಗಲೂ ಕಿವಿ ಬಿಸಿಯಾಗುತ್ತದೆ, ಬಹಳ ವಿನಯದಿಂದ ಬಿರುಕಿಗೆ ಏನು ಮಾಡಬೇಕೆಂದು ಸಲಹೆ ಕೊಟ್ಟಿದ್ದ. ಅವಮಾನ ಅತಿಥಿಯದಲ್ಲ, ಆ ವಿನಯದ್ದು. ಆ ರಾತ್ರಿಯ ಮರುದಿನವೇ ಅವನು ಸಂಖ್ಯೆಗಳ ಕೆಲಸಕ್ಕೆ ಸೇರಿಕೊಂಡಿದ್ದು. ಎರಡಕ್ಕೂ ಸಂಬಂಧವಿಲ್ಲವೆಂದು ಅವನು ನಂಬಿದ್ದ.

ಕಂಪ್ಯೂಟರು ಡಾಕ್ಟರ ಆರ್ಡರುಗಳನ್ನು ನೋಡಲೆಂದು ತಂದದ್ದು. ದಿನಕ್ಕೆ ಹತ್ತು ನಿಮಿಷ ದುಡಿದು ಉಳಿದ ಹೊತ್ತೆಲ್ಲ ಮಾವನ ಮನೆಗೆ ಬಂದ ಅಳಿಯನಂತೆ ಕೂತಿರುತ್ತಿತ್ತು. ಇಂಥ ಕೂತುಣ್ಣುವ ಯಂತ್ರಗಳಿಗೂ ಜಗತ್ತಿನಲ್ಲಿ ಕೆಲಸವುಂಟು ಎಂದು ಅವನು ಎಲ್ಲೋ ಓದಿದ. ಒಂದು ಜನ್ಮಕ್ಕೆ ಮುಗಿಯದಂಥ ಲೆಕ್ಕವನ್ನು ವಿಜ್ಞಾನಿಗಳು ಲಕ್ಷಾಂತರ ತುಂಡು ಮಾಡಿ, ಎಲ್ಲೆಲ್ಲಿಯೋ ಬಿಡುವಾಗಿ ಕೂತ ಮನೆಮನೆಯ ಕಂಪ್ಯೂಟರುಗಳಿಗೆ ಹಂಚುತ್ತಾರೆ. ಒಪ್ಪಿಕೊಂಡವರ ಯಂತ್ರ ತನ್ನ ತುಂಡನ್ನು ಮುಗಿಸಿ ಕಳಿಸಿ, ಇನ್ನೊಂದು ಕೊಡಿ ಎನ್ನುತ್ತದೆ. ಸಂಬಳವಿಲ್ಲ, ಸನ್ಮಾನವಿಲ್ಲ, ಕರೆಂಟೂ ತಮ್ಮದೇ. ಅವನು ಆರಿಸಿಕೊಂಡಿದ್ದು ದೈತ್ಯಗಾತ್ರದ ಅವಿಭಾಜ್ಯ ಸಂಖ್ಯೆಗಳನ್ನು ಹುಡುಕುವ ಕೆಲಸ. ಒಂದನ್ನೂ ತನ್ನನ್ನೂ ಬಿಟ್ಟು ಬೇರಾವುದರಿಂದಲೂ ಭಾಗವಾಗದ, ಲಕ್ಷಗಟ್ಟಲೆ ಅಂಕಿಗಳ ಒಂದು ಸಂಖ್ಯೆ ಕತ್ತಲಲ್ಲಿ ಒಂಟಿಯಾಗಿ ನಿಂತಿದೆ, ಇದುವರೆಗೆ ಯಾರೂ ಅದರ ಮುಖ ನೋಡಿಲ್ಲ ಎಂಬ ವಿಚಾರ ಅವನಿಗೆ ಯಾಕೋ ವೈಯಕ್ತಿಕವಾಗಿ ತಟ್ಟಿತ್ತು. ಅದರಿಂದ ಏನು ಉಪಯೋಗ ಎಂದು ಹೆಂಡತಿ ಕೇಳಿದಾಗ, ಏನೂ ಇಲ್ಲ ಎಂದು ಹೇಳುತ್ತ ತಾನು ನಗುತ್ತಿದ್ದೇನೆಂದು ಅವನಿಗೆ ಆಮೇಲೆ ತಿಳಿಯಿತು. ಸಂಖ್ಯೆಗಳ ಕೆಲಸ ನಡೆಯುವಾಗ ಯಂತ್ರ ಬಿಸಿಯೇರುತ್ತಿತ್ತು, ಒಳಗಿನ ಫ್ಯಾನು ಕೀರಲು ದನಿ ತೆಗೆಯುತ್ತಿತ್ತು. ಪಾಲಿಶ್ ಚಕ್ರಕ್ಕೆ ಹಲ್ಲು ಹಿಡಿದಾಗ ಒಂದು ಕೂದಲೆಳೆಯಷ್ಟು ಹೆಚ್ಚು ಸವೆದರೂ ಸದ್ದಿನಲ್ಲೇ ಪತ್ತೆಹಚ್ಚುವ ಕಿವಿ ಅವನದು. ಆ ಕೀರಲು ಅವನಿಗೆ ಸಂಗೀತವಾಗಿತ್ತು.

ಅಕ್ಕ ದೂರವಾಣಿ ಕೇಂದ್ರದಲ್ಲಿ ಆಪರೇಟರ್ ಆಗಿದ್ದವಳು. ಮೂವತ್ತೆರಡು ವರ್ಷ ಕಿವಿಗೆ ಹೆಡ್‌ಫೋನು ಸಿಕ್ಕಿಸಿಕೊಂಡು ಊರಿನವರ ಮಾತನ್ನು ಊರಿನವರಿಗೆ ಕೂಡಿಸಿ, ನಿವೃತ್ತಳಾಗಿ, ಎರಡು ವರ್ಷ ಕಳೆಯುವುದರೊಳಗೆ ಬಲಗೈಗೆ ನಡುಕ ಬಂತು. ಮೊದಲು ಚಮಚ, ಆಮೇಲೆ ಸಹಿ, ಆಮೇಲೆ ಅಂಗಿಯ ಗುಂಡಿ. ಅಪ್ಪ ಹೋದ ಮೇಲೆ ತನ್ನ ಸಂಬಳದಲ್ಲಿ ಇವನನ್ನು ಓದಿಸಿದವಳು ಅವಳು ಎಂಬುದನ್ನು ಅವಳು ಒಂದು ಸಲವೂ ಎತ್ತಿ ಆಡಿದ್ದಿಲ್ಲ, ಅದರಿಂದಾಗಿ ಅವನಿಗೆ ಮರೆಯುವ ಅನುಕೂಲ ಸಿಕ್ಕಿರಲಿಲ್ಲ. ಅವಳು ಇವನಿಂದ ಏನನ್ನೂ ಕೇಳಿದವಳಲ್ಲ. ಹೋದ ಬೇಸಿಗೆಯಲ್ಲಿ ಒಮ್ಮೆ, ಟೀ ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ಬೇರೆ ಯಾವುದೋ ಮಾತಿನ ನಡುವೆ, "ಮರಿ, ಆ ನಿನ್ನ ಮೆಷಿನ್ನು ನಂಬರ್ ಹುಡುಕೋ ಬದಲು ನನ್ನ ಕಾಯಿಲೆಗೆ ಕೆಲಸ ಮಾಡೋಕಾಗಲ್ವೇನೋ?" ಎಂದಳು. ಐವತ್ತನಾಲ್ಕು ವರ್ಷದ ಅವನನ್ನು ಮರಿ ಎನ್ನುವವರು ಅವಳೊಬ್ಬಳೇ ಉಳಿದಿದ್ದಳು. ಆಗುತ್ತದೆ ಎಂದು ಅವನಿಗೆ ಗೊತ್ತಿತ್ತು, ಒಂದು ವರ್ಷದಿಂದ ಗೊತ್ತಿತ್ತು. ನರಗಳಲ್ಲಿ ಗಂಟುಕಟ್ಟುವ ಒಂದು ಪ್ರೋಟೀನಿಗೆ ಯಾವ ಅಣು ಹೋಗಿ ಅಂಟಿಕೊಂಡೀತು ಎಂದು ಲಕ್ಷಗಟ್ಟಲೆ ಅಣುಗಳನ್ನು ಕಂಪ್ಯೂಟರಿನಲ್ಲೇ ಕೂಡಿಸಿ ನೋಡುವ ಕೆಲಸವೊಂದಿತ್ತು, ಬಾಯಿಗೆ ಹಲ್ಲು ಕೂಡಿಸಿ ನೋಡುವ ಹಾಗೆ. ಅದಕ್ಕೆ ಅವನು ಸೇರಿಯೂ ಇದ್ದ, ಚಿಲ್ಲರೆ ಪಾಲು ಕೊಟ್ಟಿದ್ದ. ಎರಡು ಕೆಲಸಕ್ಕೆ ಸೇರಿದವರು ಯಾವುದಕ್ಕೆ ಎಷ್ಟು ಪಾಲು ಎಂದು ಒಂದು ಪುಟ್ಟ ಚೌಕದಲ್ಲಿ ಅಂಕಿ ತುಂಬಬೇಕು. ಅವನು ಸಂಖ್ಯೆಗಳಿಗೆ ಒಂಬೈನೂರು, ಕಾಯಿಲೆಗೆ ನೂರು ಎಂದು ತುಂಬಿದ್ದ. ಅಂದರೆ ಹತ್ತರಲ್ಲಿ ಒಂದು. ಅಕ್ಕ ಕೇಳುವ ತನಕ ಆ ಒಂದು ಅವನಿಗೆ ಔದಾರ್ಯದಂತೆಯೇ ಕಂಡಿತ್ತು.

ಮರುದಿನ ಬೆಳಿಗ್ಗೆ ಅವನು ಸಂಖ್ಯೆಗಳ ಚೌಕದಲ್ಲಿದ್ದ ಒಂಬೈನೂರನ್ನು ಅಳಿಸಿ ಸೊನ್ನೆ ಹಾಕಿದ. ಪಕ್ಕದಲ್ಲಿ 'ತೆಗೆದುಹಾಕು' ಎಂಬ ಗುಂಡಿಯಿತ್ತು, ಅದನ್ನು ಒತ್ತಲಿಲ್ಲ. ಹಳೆಯ ಸ್ನೇಹಿತನನ್ನು ಮನೆಗೆ ಕರೆಯುವುದು ಬಿಟ್ಟರೂ ಅವನ ನಂಬರನ್ನು ಅಳಿಸದೆ ಇಟ್ಟುಕೊಳ್ಳುತ್ತೇವಲ್ಲ, ಅಷ್ಟೇ. ಕಾಯಿಲೆಗೆ ನೂರು, ಸಂಖ್ಯೆಗೆ ಸೊನ್ನೆ. ಆ ದಿನ ಅವನು ತ್ಯಾಗಿಯ ಗತ್ತಿನಲ್ಲಿ ಮೆಟ್ಟಿಲಿಳಿದ, ಡಾಕ್ಟರು ಎದುರಾದಾಗ ಎಂದಿಗಿಂತ ಅರ್ಧ ಸೆಕೆಂಡು ತಡವಾಗಿ ನಮಸ್ಕರಿಸಿದ. ಅಂದಿನಿಂದ ಪ್ರತಿ ಭಾನುವಾರ ಬೆಳಿಗ್ಗೆ ಹತ್ತಕ್ಕೆ ಸರಿಯಾಗಿ ಅಕ್ಕನ ಫೋನು: "ಎಷ್ಟಾಯ್ತೋ?" ಪರದೆಯ ನೆತ್ತಿಯ ಮೇಲೆ ಇದುವರೆಗಿನ ದುಡಿಮೆಯ ಅಂಕಗಳು ದೊಡ್ಡದಾಗಿ ಕಾಣುತ್ತಿದ್ದವು, ಅವನು ಅದನ್ನು ಓದುತ್ತಿದ್ದ. ಅವಳು ಬರೆದುಕೊಳ್ಳುತ್ತಿರಲಿಲ್ಲ, ಊರಿನ ನಾಲ್ಕು ಸಾವಿರ ನಂಬರುಗಳನ್ನು ತಲೆಯಲ್ಲಿಟ್ಟುಕೊಂಡಿದ್ದವಳು. ಹೋದ ವಾರಕ್ಕಿಂತ ಇಷ್ಟು ಹೆಚ್ಚು ಎಂದು ತಕ್ಷಣ ಹೇಳಿ, "ಪರವಾಗಿಲ್ಲ, ಓಡ್ತಾ ಇದೆ" ಎಂದು ಫೋನು ಇಡುತ್ತಿದ್ದಳು. ತನ್ನದು ಹೆಚ್ಚುತ್ತಿದೆ ಎಂಬುದು ಅವಳ ದನಿಯಲ್ಲಿರುತ್ತಿತ್ತು.

ಹೋದ ಗುರುವಾರ ಸಂಖ್ಯೆಯವರಿಂದ ಒಂದು ಇ-ಮೇಲ್ ಬಂತು. ತಮ್ಮ ಕಂಪ್ಯೂಟರು ಹೊಸ ಅವಿಭಾಜ್ಯ ಸಂಖ್ಯೆಯೊಂದನ್ನು ಕಂಡುಹಿಡಿದಿದೆ, ಬೇರೆ ಎರಡು ಯಂತ್ರಗಳಲ್ಲಿ ಪರೀಕ್ಷಿಸಿ ಖಚಿತಪಡಿಸಲಾಗಿದೆ, ಮೂರು ಲಕ್ಷ ತೊಂಬತ್ತೆಂಟು ಸಾವಿರದ ನಾನೂರ ಹನ್ನೆರಡು ಅಂಕಿಗಳು, ಅಭಿನಂದನೆಗಳು. ಶೋಧಕರ ಪಟ್ಟಿಯಲ್ಲಿ ಯಾವ ಹೆಸರು ಹಾಕಬೇಕೆಂದು ಸೋಮವಾರ ಸಂಜೆಯೊಳಗೆ ತಿಳಿಸಿ, ಇಲ್ಲವಾದರೆ 'ಹೆಸರು ತಿಳಿಯದವರು' ಎಂದು ದಾಖಲಾಗುತ್ತದೆ. ಯಾರೋ ತಮಾಷೆ ಮಾಡುತ್ತಿದ್ದಾರೆಂದುಕೊಂಡ. ಸಂಖ್ಯೆಗಳಿಗೆ ಸೊನ್ನೆ ಕೊಟ್ಟು ನಾಲ್ಕು ತಿಂಗಳಾಗಿತ್ತಲ್ಲ. ಶುಕ್ರವಾರ ಕೂತು, ಯಾರೂ ಓದದ ಆ ಸಹಾಯಪುಟವನ್ನು ಮೊದಲ ಸಲ ಓದಿದ. ಪಾಲು ಸೊನ್ನೆ ಎಂದರೆ ನಿಲ್ಲಿಸು ಎಂದಲ್ಲವಂತೆ. ಪಾಲು ಸೊನ್ನೆ ಎಂದರೆ, ಉಳಿದ ಯಾರ ಬಳಿಯೂ ಕೆಲಸ ಇಲ್ಲದಾಗ ಮಾತ್ರ ಇವರ ಕೆಲಸ ಮಾಡು ಎಂದು. ಕಾಯಿಲೆಯವರು ಮೊದಲ ಒಂಬತ್ತು ದಿನ ಕೆಲಸ ಕೊಟ್ಟಿದ್ದರು. ಆಮೇಲಿನ ನೂರ ಹದಿನೇಳು ದಿನ ಒಂದು ತುಂಡನ್ನೂ ಕೊಟ್ಟಿರಲಿಲ್ಲ. ನೂರ ಹದಿನೇಳು ದಿನ ಯಂತ್ರ ಸಂಖ್ಯೆಗಳನ್ನೇ ಅರೆದಿತ್ತು, ಅವನು ಭಾನುವಾರ ಭಾನುವಾರ ಎರಡೂ ಕೂಡಿದ ಮೊತ್ತವನ್ನು ಓದಿ ಅಕ್ಕನಿಗೆ ಒಪ್ಪಿಸಿದ್ದ. ತಿಳಿಯದೆ ಆದ ತಪ್ಪು ಎಂದು ಯಾವ ನ್ಯಾಯಾಧೀಶನಾದರೂ ಬಿಟ್ಟುಬಿಡುತ್ತಿದ್ದ. ಆದರೆ ನ್ಯಾಯಾಧೀಶನಿಗೆ ಅವನ ಕಿವಿ ಇರಲಿಲ್ಲ. ಕಾಯಿಲೆಯ ಕೆಲಸದಲ್ಲಿ ಯಂತ್ರ ಅಷ್ಟು ಬಿಸಿಯಾಗುವುದಿಲ್ಲ, ಫ್ಯಾನು ಮೆಲ್ಲಗೆ ಗುನುಗುತ್ತದೆ. ಹತ್ತನೆಯ ದಿನ ಆ ಗುನುಗು ಹೋಗಿ ಕೀರಲು ಬಂದಿದ್ದು ಅವನಿಗೆ ಕೇಳಿಸಿತ್ತು. ಚೆನ್ನಾಗಿ ಕೇಳಿಸಿತ್ತು. ಆಗ ಅವನ ಕೈ ತಾನೇ ತಾನಾಗಿ ಹೋಗಿ ಪಾಲಿಶ್ ಚಕ್ರವನ್ನು ಚಾಲೂ ಮಾಡಿತ್ತು, ಪಾಲಿಶ್ ಮಾಡಲು ಆಗ ಯಾವ ಹಲ್ಲೂ ಇರಲಿಲ್ಲ.

"ಕೊಲೆ ಮಾಡಿದೋರ ಹಾಗೆ ಕೂತಿದ್ದೀರಲ್ರೀ" ಎಂದು ಹೆಂಡತಿ ಬೆಳಿಗ್ಗೆ ಊಟದ ಡಬ್ಬಿ ಮುಚ್ಚುತ್ತ ಹೇಳಿದ್ದಳು. "ಯಾರಿಗೂ ಸಿಗದಿದ್ದ ನಂಬರ್ ಸಿಕ್ಕಿದೆ, ಒಂದು ಸಿಹಿಯಾದ್ರೂ ತರಬೇಡ್ವಾ ಮನೆಗೆ?"

"ಅಕ್ಕಂಗೆ ಏನಂತ ಹೇಳ್ಲಿ?"

"ಇದ್ದಿದ್ದು ಇದ್ದ ಹಾಗೆ. ಅತ್ತಿಗೆ ಬೈತಾರೆ. ಬೈಸ್ಕೊಳ್ಳಿ. ಅವರ ಮುಂದೆ ನೀವಿನ್ನೂ ಚಡ್ಡಿ ಹಾಕೋ ಹುಡುಗ ತಾನೆ."

ಅವನು ಬೇರೊಂದು ಯೋಜನೆ ಹಾಕಿಕೊಂಡಿದ್ದ. ಆ ಇ-ಮೇಲಿಗೆ ಉತ್ತರಿಸದಿರುವುದು. ಸಂಜೆ ಕಳೆದರೆ 'ಹೆಸರು ತಿಳಿಯದವರು' ಎಂದಾಗುತ್ತದೆ, ಅಕ್ಕನಿಗೆ ಗೊತ್ತಾಗುವ ಮಾತಿಲ್ಲ, ಅವಳು ಭಾನುವಾರ ಫೋನು ಮಾಡುತ್ತಾಳೆ, ಓಡ್ತಾ ಇದೆ ಎನ್ನುತ್ತಾಳೆ. ಇದರಲ್ಲಿ ಪ್ರಾಯಶ್ಚಿತ್ತವೂ ಇತ್ತು, ಸುಳ್ಳಿನ ಮುಂದುವರಿಕೆಯೂ ಇತ್ತು, ಎರಡನ್ನೂ ಒಂದೇ ಕಲ್ಲಿನಲ್ಲಿ ಹೊಡೆದ ಜಾಣತನಕ್ಕೆ ಅವನಿಗೆ ತನ್ನ ಮೇಲೇ ಹೇಸಿಗೆಯಾಯಿತು. ಮೂವತ್ತೊಂದು ವರ್ಷದಲ್ಲಿ ಮೊದಲ ಬಾರಿ ಯಾರೋ ಅವನ ಹೆಸರೇನು ಎಂದು ಕೇಳಿದ್ದರು.

ಹನ್ನೊಂದಕ್ಕೆ ಏಳು ನಿಮಿಷವಿರುವಾಗ ಮೆಟ್ಟಿಲ ಮೇಲೆ ಅಕ್ಕನ ದನಿ ಅವಳಿಗಿಂತ ಮೊದಲು ಬಂತು. "ಮರೀ! ಹಲ್ಲು ಹೋದೋರಿಗೆ ಮಂಡಿ ಗಟ್ಟಿ ಇರುತ್ತೆ ಅಂತ ಯಾರು ಹೇಳಿದ್ರೋ ಈ ಡಾಕ್ಟ್ರಿಗೆ? ಇಷ್ಟು ಮೆಟ್ಟಿಲು!" ಬಾಗಿಲಲ್ಲಿ ನಿಂತು ಉಸಿರು ತೆಗೆದುಕೊಂಡಳು. ಎಡಗೈಯಲ್ಲಿ ಬಲಗೈಯನ್ನು ಹಿಡಿದುಕೊಂಡಿದ್ದಳು, ಪೋಲಿ ಮಗುವನ್ನು ಸಂತೆಗೆ ಕರೆತಂದವಳಂತೆ. ಕೋಣೆಯನ್ನೊಮ್ಮೆ ನೋಡಿ, "ಇದೇನೋ ಈ ಕುರ್ಚಿ ಮುನಿಸ್ಕೊಂಡು ಕೂತಿದೆ?" ಎಂದು ಸೊಂಟದಿಂದಲೇ ಅದನ್ನು ಕಿಟಕಿಯ ಕಡೆಗೆ ತಿರುಗಿಸಿ ಕೂತಳು. ಎರಡು ಗಂಟೆ ಹೊತ್ತು ಇತ್ಯರ್ಥವಾಗದ ಪ್ರಶ್ನೆ ಹೀಗೆ ಒಂದು ಸೆಕೆಂಡಿನಲ್ಲಿ ತೀರಿತು. ಅವಳ ಎದುರಿಗೆ ಪರದೆ ಬೆಳಗುತ್ತಿತ್ತು.

ಅವನು ಕೈ ತೊಳೆದ, ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ತೊಳೆದ. ಸ್ವಂತ ಅಕ್ಕ ಅಲ್ವೇನ್ರೀ, ಟ್ರಯಲ್ ನೀವೇ ನೋಡ್ಕೊಳ್ಳಿ ಎಂದು ಡಾಕ್ಟರು ಬಿಟ್ಟುಕೊಟ್ಟಿದ್ದರು. ಮೇಣದ ಸೆಟ್ಟನ್ನು ತಣ್ಣೀರಿನಿಂದ ಎತ್ತಿ ಅವಳ ಬಾಯಲ್ಲಿ ಕೂಡಿಸಿದ. ಕುಸಿದಿದ್ದ ಕೆನ್ನೆ ತುಂಬಿಕೊಂಡಿತು, ತುಟಿ ಮುಂದೆ ಬಂತು, ಎಕ್ಸ್‌ಚೇಂಜಿನಿಂದ ಸಂಜೆ ನಡೆದು ಬರುತ್ತಿದ್ದ ಅಕ್ಕ ಒಂದು ಕ್ಷಣ ಎದುರಿಗೆ ಬಂದು ಕೂತಳು. ಅವನು ಕಣ್ಣು ತಪ್ಪಿಸಿದ.

"ಮೆಲ್ಲಗೆ ಕಚ್ಚು. ಹೂಂ. ಈಗ ಎಣಿಸು, ಸಾವಿರದಿಂದ. ಸ ಅಂದಾಗ ಗಾಳಿ ಹೋಗುತ್ತಾ ನೋಡ್ಬೇಕು."

"ಸಾವಿರದ ಒಂದು ಯಾಕೋ, ನಮ್ಮದೇ ಇದೆಯಲ್ಲ" ಎಂದು ಅಕ್ಕ ಹೊಸ ಹಲ್ಲಿನಲ್ಲಿ ಗಂಭೀರವಾಗಿ ಒಪ್ಪಿಸಿದಳು. "ಎರಡು ಲಕ್ಷ ನಲವತ್ತೊಂದು ಸಾವಿರದ ಏಳುನೂರ ಆರು. ನಿನ್ನೆ ನೀನೇ ಹೇಳಿದ್ದು. ಸಾವಿರ ಸರಿ ಬಂತಾ? ಎಲ್ಲಿ, ತೋರಿಸು ಈಗ ನನ್ನ ಕೆಲಸ. ಯಾವ ಅಣು ನೋಡ್ತಿದೆ ಇವತ್ತು?"

"ಅಕ್ಕ, ಅದು ನಿನ್ನ ಕೆಲಸ ಅಲ್ಲ."

ಹೀಗೆ ಹೇಳುತ್ತೇನೆಂದು ಅವನಿಗೇ ಗೊತ್ತಿರಲಿಲ್ಲ. ಒಮ್ಮೆ ಬಾಯಿಂದ ಹೊರಬಿದ್ದ ಮೇಲೆ ಉಳಿದದ್ದು ತಾನಾಗಿ ಬಂತು: ಸೊನ್ನೆ, ಸಹಾಯಪುಟ, ನೂರ ಹದಿನೇಳು ದಿನ, ಕೂಡಿದ ಮೊತ್ತ, ಗುರುವಾರದ ಮೇಲ್. ಅಕ್ಕನ ದವಡೆ ಬಿಗಿಯುವುದು ಕಂಡಿತು. "ಹಲ್ಲು ಕಚ್ಚಬೇಡ, ಮೇಣ ಅದು" ಎಂದ.

"ಕಚ್ಚದೆ ಇನ್ನೇನು ಮಾಡ್ಲಿ?" ಎಂದಳು. ಬಲಗೈ ಕುರ್ಚಿಯ ತೋಳಿನ ಮೇಲೆ ಟಕಟಕ ಬಡಿಯುತ್ತಿತ್ತು, ಅದನ್ನು ಹಿಡಿದುಕೊಳ್ಳುವುದನ್ನೂ ಮರೆತಿದ್ದಳು. "ಬೆಳಿಗ್ಗೆ ಬ್ಲೌಸಿನ ಗುಂಡಿ ಹಾಕ್ಕೊಳ್ಳೋಕೆ ನನಗೆ ಹನ್ನೆರಡು ನಿಮಿಷ ಬೇಕು ಕಣೋ. ಆ ಹನ್ನೆರಡು ನಿಮಿಷ ಏನು ಮಾಡ್ತೀನಿ ಗೊತ್ತಾ? ಮರಿ ಮೆಷಿನ್ನು ಈಗ ಓಡ್ತಾ ಇದೆ, ಓಡ್ತಾ ಇದೆ ಅಂತ ಹೇಳ್ಕೊಳ್ತೀನಿ. ಮದ್ದು ಸಿಗುತ್ತೆ ಅಂತಲ್ಲ. ನನಗೇನು ತಲೆ ಕೆಟ್ಟಿದ್ಯಾ? ಎಲ್ಲೋ ಒಂದು ಕಡೆ ನನ್ನ ಕೆಲಸ ನಡೀತಾ ಇದೆ ಅಂತ." ಅವನು ಮೇಜಿನ ಮೇಲಿನ ಪ್ಲಾಸ್ಟರಿನ ದವಡೆಯನ್ನು ನೋಡುತ್ತ ನಿಂತಿದ್ದ. "ಗೊತ್ತಿತ್ತಾ ನಿನಗೆ?" ಎಂದು ಅಕ್ಕ ಕೇಳಿದಳು.

ಇಲ್ಲ ಎನ್ನಬಹುದಿತ್ತು. ಇಲ್ಲ ಎಂಬುದು ಮುಕ್ಕಾಲುಪಾಲು ನಿಜವೂ ಆಗಿತ್ತು. "ಸದ್ದು ಬದಲಾಗಿತ್ತು" ಎಂದ. "ಹತ್ತನೇ ದಿನ. ಕೇಳಿಸ್ತು. ಕೇಳಿಸ್ಲಿಲ್ಲ ಅನ್ನೋ ಹಾಗೆ ಇದ್ದೆ."

ಅಕ್ಕ ಅವನ ಮುಖವನ್ನು ನೋಡಿದಳು. ಬೈಗುಳ ಬರಬೇಕಾದ ಜಾಗದಲ್ಲಿ ಒಂದು ಬಗೆಯ ಗುರುತು ಬಂತು, ವೃತ್ತಿಯವರು ವೃತ್ತಿಯವರನ್ನು ಗುರುತಿಸುವಂಥದ್ದು. "ಆ ಥರ ನಾನು ಮೂವತ್ತೆರಡು ವರ್ಷ ಇದ್ದೆ, ಬಿಡು. ಊರಿನ ಜಗಳವೆಲ್ಲ ಕೇಳಿಸ್ತಿತ್ತು." ಆಮೇಲೆ ದನಿ ಬದಲಾಯಿತು, ಡ್ಯೂಟಿಯ ದನಿ. "ಅವರು ಯಾಕೆ ಕೊಡ್ಲಿಲ್ಲ ಕೆಲಸ? ಫೋನೇ ಎತ್ತಲಿಲ್ವಾ? ಏನಂದ್ರು ಅಂತ ಎಲ್ಲಾದ್ರೂ ಬರೆದಿರುತ್ತಾ ನಿನ್ನ ಮೆಷಿನ್ನು?"

ಬರೆದಿರುತ್ತಿತ್ತು. ಯಂತ್ರದ ದಿನಚರಿಯನ್ನು ತೆರೆದು ನೋಡುವ ಧೈರ್ಯ ಮಾತ್ರ ಶುಕ್ರವಾರದಿಂದ ಅವನಿಗಿರಲಿಲ್ಲ. ತೆರೆದ. ಸಣ್ಣ ಅಕ್ಷರದ ಸಾಲುಗಳು ಮೇಲಿಂದ ಕೆಳಗೆ ಸುರಿದವು. ಅಕ್ಕ ಕುರ್ಚಿಯಿಂದೆದ್ದು ಪರದೆಗೆ ಮೂಗು ತಾಗುವಷ್ಟು ಬಗ್ಗಿ, ಮೇಣದ ಹಲ್ಲಿನಲ್ಲೇ ಜೋರಾಗಿ ಓದತೊಡಗಿದಳು. ಬೆಳಿಗ್ಗೆ ಆರು ಐದು: ಕಾಯಿಲೆಯವರಲ್ಲಿ ಕೆಲಸ ಕೇಳಲಾಯಿತು, ಸದ್ಯ ಕೆಲಸವಿಲ್ಲ, ಸಂಖ್ಯೆಯವರಲ್ಲಿ ಕೇಳಲಾಯಿತು, ಒಂದು ತುಂಡು ಬಂತು. ಏಳು ಐವತ್ತು: ಕಾಯಿಲೆಯವರಲ್ಲಿ ಕೆಲಸ ಕೇಳಲಾಯಿತು, ಸದ್ಯ ಕೆಲಸವಿಲ್ಲ. ಒಂಬತ್ತು ಮೂವತ್ತೆರಡು: ಕಾಯಿಲೆಯವರಲ್ಲಿ. ಹನ್ನೊಂದು ಹದಿನೇಳು: ಕಾಯಿಲೆಯವರಲ್ಲಿ. ಅವಳ ಬೆರಳು ಗಾಜಿನ ಮೇಲೆ ನಡುಗುತ್ತ ಸಾಲಿನಿಂದ ಸಾಲಿಗೆ ಇಳಿಯಿತು. ಅವನು ಅಕ್ಕನ ಕಿವಿಯ ಹಿಂದಿನ ನರೆತ ಕೂದಲನ್ನು ನೋಡುತ್ತಿದ್ದ, ಹೆಡ್‌ಫೋನಿನ ಪಟ್ಟಿ ಕೂತು ಕೂತು ಅಲ್ಲಿ ಕೂದಲು ಈಗಲೂ ತುಸು ಒತ್ತಿದಂತಿತ್ತು.

"ಎಷ್ಟು ಸಲ ಕೇಳಿದೆ ಒಟ್ಟು?"

ಹುಡುಕಿ ನೋಡಿ ಹೇಳಿದ. "ಸಾವಿರದ ಆರುನೂರ ಹದಿನೆಂಟು."

"ಮರಿ." ಅಕ್ಕ ನೆಟ್ಟಗೆ ನಿಂತಳು. "ನಮಗೆ ರೂಲು ಏನಿತ್ತು ಗೊತ್ತಾ? ಮೂರು ಸಲ ಟ್ರೈ ಮಾಡು, ಸಿಗದಿದ್ರೆ ಲೈನ್ ಸಿಗ್ತಿಲ್ಲ ಆಮೇಲೆ ಮಾಡಿ ಅನ್ನು. ಮೂರು! ಆಸ್ಪತ್ರೆಗೆ ಆದ್ರೆ ಐದು. ನಾನು ಒಂದ್ಸಲ ಹೆರಿಗೆ ಕೇಸಿಗೆ ಒಂಬತ್ತು ಸಲ ಟ್ರೈ ಮಾಡಿದ್ದೆ, ಸೂಪರ್ವೈಸರು ಬಂದು ಬೆನ್ನು ತಟ್ಟಿದ್ರು. ಇದು ಸಾವಿರದ ಆರುನೂರು ಸಲ. ನಾಚಿಕೆ ಇಲ್ಲದೆ, ಬೇಜಾರಿಲ್ಲದೆ. ಯಾರೋ ಹೇಳ್ಕೊಟ್ಟಿದ್ದು ಇದಕ್ಕೆ?"

"ಯಾರೂ ಇಲ್ಲ. ನಿನಗೆ ನೂರು ಹಾಕಿ ಬಿಟ್ಟಿದ್ದೆ. ನೂರು ಇರೋರ ಬಾಗಿಲಿಗೇ ಮೊದಲು ಹೋಗುತ್ತೆ. ಅಲ್ಲಿ ಇಲ್ಲ ಅಂದ್ರೆ ಮಾತ್ರ ಸೊನ್ನೆಯೋರ ಹತ್ರ."

"ಪ್ರತಿ ಸಲಾನೂ ಮೊದಲು ನನ್ನ ಹತ್ರ?"

"ಪ್ರತಿ ಸಲಾನೂ."

ಅವನು ಹೇಳಿದ್ದು ಬರೀ ತಾಂತ್ರಿಕ ವಿವರ. ಹೇಳಿ ಮುಗಿಸಿದ ಮೇಲೆ ಅದು ಅವನ ಕಿವಿಗೂ ಬಿತ್ತು. ನೂರ ಹದಿನೇಳು ದಿನ ತಾನು ಅಕ್ಕನ ಬೆನ್ನಿಗೆ ಇರಿದೆನೆಂದು ಮೂರು ರಾತ್ರಿ ಹೊರಳಾಡಿದ್ದ. ಅದೇ ನೂರ ಹದಿನೇಳು ದಿನ, ಅವನು ಹಲ್ಲು ನೆಡುವಾಗ, ಉಣ್ಣುವಾಗ, ಮಲಗಿ ಗೊರಕೆ ಹೊಡೆಯುವಾಗ, ಗಂಟೆ ಎರಡು ಗಂಟೆಗೊಮ್ಮೆ ಅವನ ಪರವಾಗಿ ಯಾರೋ ಅವಳ ಬಾಗಿಲು ಬಡಿದು ಬಂದಿದ್ದರು. ಕೀರಲು ಕೇಳಿ ಚಕ್ರ ತಿರುಗಿಸಿದ ಕೈಯೂ ಅವನದೇ, ನೂರು ಎಂದು ತುಂಬಿದ ಕೈಯೂ ಅವನದೇ. ಎದೆಯೊಳಗೆ ಏನೋ ಮೇಣದಂತೆ ಮೆತ್ತಗಾಯಿತು. ಆದರೆ ಅಕ್ಕ ಮೆತ್ತಗಾಗುವ ಸ್ಥಿತಿಯಲ್ಲಿರಲಿಲ್ಲ.

"ಲೈನು ಎಂಗೇಜ್ ಅಂತಿಲ್ಲ" ಎಂದಳು, ಪರದೆಯನ್ನೇ ಅನುಮಾನಿಸುತ್ತ. "ಎತ್ತಿದ್ದಾರೆ. ಕೆಲಸ ಇಲ್ಲ ಅಂದಿದ್ದಾರೆ. ಯಾಕಿಲ್ಲ ಅಂತ ಕೇಳೋರು ಬೇಡ್ವಾ? ಅವರದ್ದು ನೋಟೀಸ್ ಬೋರ್ಡ್ ಏನಾದ್ರೂ ಇದ್ಯಾ?"

ಇತ್ತು. ನಾಲ್ಕು ತಿಂಗಳ ಹಳೆಯ ಪ್ರಕಟಣೆ ಅಲ್ಲಿಯೇ ತೂಗುತ್ತಿತ್ತು, ನೋಡುವವರಿಲ್ಲದೆ. ಅವನು ಓದಿ ಹೇಳಿದ. ಸ್ವಯಂಸೇವಕರ ಸಂಖ್ಯೆ ನಿರೀಕ್ಷೆ ಮೀರಿದ್ದರಿಂದ ಮೊದಲ ಹಂತದ ಎಲ್ಲ ಅಣುಗಳ ಪರೀಕ್ಷೆ ಗಡುವಿಗಿಂತ ಏಳು ತಿಂಗಳು ಮೊದಲೇ ಮುಗಿದಿದೆ. ಲಕ್ಷಗಟ್ಟಲೆಯಲ್ಲಿ ನಲವತ್ತಮೂರು ಅಣುಗಳು ಉಳಿದಿವೆ, ಅವು ಈಗ ಪ್ರಯೋಗಾಲಯಕ್ಕೆ ಹೋಗಿವೆ. ಎರಡನೆಯ ಹಂತ ಸಿದ್ಧವಾದೊಡನೆ ಕೆಲಸ ಕಳಿಸಲಾಗುವುದು. ಅಲ್ಲಿಯವರೆಗೆ ದಯವಿಟ್ಟು ನಮ್ಮನ್ನು ತೆಗೆದುಹಾಕಬೇಡಿ. ಮದ್ದು ಸಿಕ್ಕಿತೆಂದು ಅದರಲ್ಲಿ ಎಲ್ಲಿಯೂ ಇರಲಿಲ್ಲ. ಅದನ್ನು ಅಕ್ಕ ಗಮನಿಸಿದಳೆಂದು ಅವನು ಗಮನಿಸಿದ.

"ಇಲ್ಲ ಅಲ್ಲ ಕಣೋ ಅದು" ಎಂದಳು ನಿಧಾನವಾಗಿ. ಆಮೇಲೆ ಕೆಳಗಿನ ಮಹಡಿಯ ಮೀನುಗಳಿಗೂ ಕೇಳುವಂತೆ: "ಮುಗಿದಿದೆ! ನನ್ನ ಕೆಲಸ ಮುಗಿದು ಹೋಗಿದೆ! ಏಳು ತಿಂಗಳು ಮೊದಲೇ! ನಾನಿಲ್ಲಿ ಬಡಕೊಳ್ತಿದ್ದೀನಿ, ಅದು ಮುಗಿಸಿ ಎದ್ದು ಹೋಗಿದೆ! ನಲವತ್ಮೂರು ಉಳಿದಿದ್ಯಂತೆ ನೋಡೋ!" ಕೂಗಿದ ರಭಸಕ್ಕೆ ಮೇಲ್ಸಾಲಿನ ಮುಂದಿನ ಹಲ್ಲೊಂದು ಮೇಣದಲ್ಲಿ ಓರೆಯಾಯಿತು. ಅವಳು ನಗುತ್ತಿದ್ದಳು, ಆ ಓರೆ ಹಲ್ಲಿನಲ್ಲಿ ಪೋಲಿ ಹುಡುಗಿಯಂತೆ ಕಾಣುತ್ತಿದ್ದಳು. ಅವನಿಗೆ ಸರಿಪಡಿಸಲು ಮನಸ್ಸಾಗಲಿಲ್ಲ. ತಾನೂ ನಗುತ್ತಿದ್ದೇನೆಂದು ಗೊತ್ತಾದದ್ದು ಕಣ್ಣಿನಲ್ಲಿ ಪ್ಲಾಸ್ಟರಿನ ಧೂಳು ಒದ್ದೆಯಾಗಿ ಉರಿದಾಗ.

ಕೆಳಗಿನಿಂದ ಡಾಕ್ಟರು ಕರೆಯುವ ಗಂಟೆ ಹೊಡೆಯಿತು. ಮೂವತ್ತೊಂದು ವರ್ಷದಿಂದ ಗಂಟೆಯ ಎರಡನೆಯ ಸದ್ದಿಗೆ ಅವನು ಮೆಟ್ಟಿಲ ಮೇಲಿರುತ್ತಿದ್ದ. ಇವತ್ತು ಅದು ಮೂರು ಸಲ ಹೊಡೆದು ಸುಮ್ಮನಾಯಿತು, ಅವನು ನಿಂತೇ ಇದ್ದ. "ಆ ಮೇಲಿಗೆ ಉತ್ತರ ಕೊಟ್ಯಾ?" ಎಂದು ಅಕ್ಕ ಕೇಳಿದಳು. ಕೊಟ್ಟಿಲ್ಲ, ಕೊಡುವ ಮನಸ್ಸಿರಲಿಲ್ಲ, ಹೆಸರು ತಿಳಿಯದವರು ಎಂದೇ ಆಗಲಿ ಎಂದುಕೊಂಡಿದ್ದೆ ಎಂದ.

"ಹೆಸರು ತಿಳಿಯದವರು? ಎಕ್ಸ್‌ಚೇಂಜಲ್ಲಿ ನನ್ನ ಹೆಸರು ಏನಿತ್ತು ಗೊತ್ತಾ? 'ಹಲೋ.' ಮೂವತ್ತೆರಡು ವರ್ಷ ನನ್ನ ಹೆಸರು ಹಲೋ. ನಿಂದು ಪ್ಲಾಸ್ಟರು. ಸಾಕು ಕಣೋ ನಮ್ಮ ವಂಶಕ್ಕೆ."

"ಹಾಗಾದ್ರೆ ನಿನ್ನ ಹೆಸರೂ ಹಾಕ್ಬೇಕು" ಎಂದ ಅವನು. ಅದು ಮರ್ಯಾದೆಯ ಮಾತಾಗಿರಲಿಲ್ಲ, ಲೆಕ್ಕದ ಮಾತು. ಹೇಳುತ್ತ ಹೇಳುತ್ತ ಅವನಿಗೇ ಅದು ಸ್ಪಷ್ಟವಾಯಿತು. ಸಂಖ್ಯೆಗಳಿಗೆ ಹಳೆಯ ಒಂಬೈನೂರೇ ಇದ್ದಿದ್ದರೆ ಯಂತ್ರ ಬೇರೆ ಹೊತ್ತಿಗೆ ಕೇಳುತ್ತಿತ್ತು, ಬೇರೆ ತುಂಡು ಬರುತ್ತಿತ್ತು, ಈ ಸಂಖ್ಯೆ ಎಲ್ಲೋ ಯಾರದೋ ಮನೆಗೆ ಹೋಗುತ್ತಿತ್ತು. ಮೊದಲು ಅಕ್ಕನ ಬಾಗಿಲಿಗೆ ಹೋಗಿ, ಇಲ್ಲವೆನಿಸಿಕೊಂಡು, ಆ ನಿಮಿಷಕ್ಕೆ ಸರಿಯಾಗಿ ಪಕ್ಕದ ಬಾಗಿಲು ತಟ್ಟಿದ್ದಕ್ಕೇ ಇದು ಕೈಗೆ ಬಂದದ್ದು. ಅಕ್ಕ ಈ ವಾದವನ್ನು ಕಣ್ಣು ಕಿರಿದು ಮಾಡಿ ಪರಿಶೀಲಿಸಿ, ಅದರಲ್ಲಿ ಕನಿಕರದ ಕಲಬೆರಕೆ ಇಲ್ಲವೆಂದು ಖಾತ್ರಿ ಮಾಡಿಕೊಂಡು, ಒಪ್ಪಿದಳು.

ಅಷ್ಟರಲ್ಲಿ ಡಾಕ್ಟರೇ ಮೇಲೆ ಬಂದರು. "ಏನ್ರೀ, ಗಂಟೆ ಕೇಳಿಸ್ಲಿಲ್ವಾ?"

"ಕೇಳಿಸ್ತು ಡಾಕ್ಟ್ರೇ. ಬನ್ನಿ, ಕೂತ್ಕೊಳ್ಳಿ" ಎಂದು ಅಕ್ಕ ಕುರ್ಚಿ ತೋರಿಸಿದಳು. ಅವಳ ದನಿಯಲ್ಲಿ ಏನಿತ್ತೋ, ಡಾಕ್ಟರು ಕೂತರು. ರೋಗಿಯ ಕುರ್ಚಿಯಲ್ಲಿ ಅವರು ಕೂತಿದ್ದು ಬಹುಶಃ ಅದೇ ಮೊದಲು, ಅಭ್ಯಾಸಬಲದಿಂದ ಬಾಯಿ ಸ್ವಲ್ಪ ತೆರೆದಿತ್ತು. "ನನ್ನ ತಮ್ಮ ಒಂದು ನಂಬರ್ ಕಂಡುಹಿಡಿದಿದ್ದಾನೆ. ಇವತ್ತಿನ ತನಕ ಪ್ರಪಂಚದಲ್ಲಿ ಯಾರಿಗೂ ಸಿಕ್ಕಿರಲಿಲ್ಲ."

"ಹೌದಾ? ಯಾರ ನಂಬರು?"

"ಯಾರದೂ ಅಲ್ಲ. ಇನ್ಮೇಲೆ ನಮ್ಮದು."

ಡಾಕ್ಟರು ಇವನ ಕಡೆ ನೋಡಿದರು. ಇವನು ವಿನಯದಿಂದ ಏನಾದರೂ ಹೇಳಬೇಕಾದ ಹೊತ್ತು ಅದು, ಅಯ್ಯೋ ಅಂಥದ್ದೇನಿಲ್ಲ ಸಾರ್ ಎಂಬ ಮಾತು ಮೂವತ್ತೊಂದು ವರ್ಷದ ಅಭ್ಯಾಸದಲ್ಲಿ ನಾಲಗೆಯ ತುದಿಗೆ ಬಂದು ನಿಂತಿತು. ಅದನ್ನು ಅಲ್ಲಿಯೇ ನಿಲ್ಲಿಸಿಕೊಂಡ. "ಮೂರು ಲಕ್ಷ ತೊಂಬತ್ತೆಂಟು ಸಾವಿರದ ನಾನೂರ ಹನ್ನೆರಡು ಅಂಕಿ, ಸಾರ್" ಎಂದ. ದನಿ ಚೆನ್ನಾಗಿಯೇ ಬಂತು. ಡಾಕ್ಟರು ಎದ್ದು ಅವನ ಕೈ ಕುಲುಕಿದರು, ಕೈಗೆ ಪ್ಲಾಸ್ಟರು ಹತ್ತಿದ್ದನ್ನು ಒರೆಸಿಕೊಳ್ಳಲಿಲ್ಲ.

ಎರಡು ಹೆಸರುಗಳನ್ನೂ ಅವನು ಬರೆದ. ಕಳಿಸುವ ಗುಂಡಿಯನ್ನು ತಾನೇ ಒತ್ತುತ್ತೇನೆಂದು ಅಕ್ಕ ಹಠ ಹಿಡಿದಳು, ಅದೂ ಬಲಗೈಯಲ್ಲೇ. ಬೆರಳು ನಡುಗಿ ಗುಂಡಿ ಮೂರು ಸಲ ಒತ್ತಿಹೋಯಿತು, ಉತ್ತರ ಮೂರು ಸಲ ಹೋಯಿತು. ಸಂಖ್ಯೆಯವರು ಮೊದಲನೆಯದನ್ನು ಸ್ವೀಕರಿಸಿದರು. ಸಂಖ್ಯೆ ಇಬ್ಬರ ಹೆಸರಿನಲ್ಲಿ ದಾಖಲಾಗಿದೆ, ಅಕ್ಕನದು ಮೊದಲು.